ಸೇನಾಪತಿ ಒತ್ತಡದಲ್ಲಿ ತಗೊಂಡ ನಿರ್ಧಾರಾನ ಓದೋದು ಹೇಗೆ: 1776ರ ವಾಷಿಂಗ್ಟನ್ನನ್ನ ಇಟ್ಕೊಂಡು ಒಂದು ಗೈಡು

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಮಾತು ಬಂದ್ರೆ ಒಂದಷ್ಟು ಜನ ಜಾರ್ಜ್ ವಾಷಿಂಗ್ಟನ್ನ ಅಟ್ಟಕ್ಕೇರಿಸಿ ಕೂರಿಸ್ತಾರೆ, ಇನ್ನೊಂದಷ್ಟು ಜನ "ಅಯ್ಯೋ ಅವ್ನು ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ, ಫ್ರೆಂಚರು ಬರ್ದೇ ಇದ್ದಿದ್ರೆ ಕಥೆ ಅಷ್ಟೇ" ಅಂತಾರೆ. ಎರಡೂ ಕಡೆಯವ್ರು ಮಾಡೋದು ಒಂದೇ ಕೆಲ್ಸ, ಕೊನೇಲಿ ಏನಾಯ್ತು ಅಂತ ಗೊತ್ತಿಟ್ಕೊಂಡು ಅಲ್ಲಿಂದ ಹಿಂದಕ್ಕೆ ಮಾರ್ಕ್ಸ್ ಹಾಕೋದು. ನನ್ನ ಪ್ರಕಾರ ಒತ್ತಡದಲ್ಲಿರೋ ಸೇನಾಪತೀನ ಅಳೆಯೋಕೆ ಅದಕ್ಕಿಂತ ಕೆಟ್ಟ ದಾರಿ ಇಲ್ಲ. ಅವತ್ತು ರಾತ್ರಿ ಅವನ ಕೈಲಿ ಏನಿತ್ತು, ಏನು ಖಾಲಿ ಆಗ್ತಿತ್ತು, ಅವನಿಗೆ ಏನು ಗೊತ್ತಿರ್ಲಿಲ್ಲ, ಇದಿಷ್ಟನ್ನ ಕೂತು ಬರೆದ್ರೆ ಸಿಗೋ ಮನುಷ್ಯ ಬೇರೇನೇ.

ಈ ಗೈಡು ಹಿಸ್ಟರಿ ಸ್ಟೂಡೆಂಟ್ಸ್‌ಗೆ, ಸುಮ್ನೆ ಯುದ್ಧದ ಇತಿಹಾಸ ಓದೋ ಹುಚ್ಚಿರೋರಿಗೆ, ಮತ್ತೆ ಲೀಡರ್‌ಶಿಪ್ ಟ್ರೈನಿಂಗ್ ಅಂತ ದೋಣಿಲಿ ನಿಂತ ವಾಷಿಂಗ್ಟನ್ ಚಿತ್ರ ಹಾಕಿ ನಾಲ್ಕು ಸ್ಲೈಡ್ ಓಡಿಸೋರಿಗೂ. ಬೇಕಾಗೋ ಸಾಮಾನು ಕಮ್ಮಿ: ಒಂದು ನೋಟ್‌ಬುಕ್, ನ್ಯೂಯಾರ್ಕಿಂದ ಫಿಲಡೆಲ್ಫಿಯಾ ತನಕ ಕಾಣೋ ಒಂದು ಮ್ಯಾಪು, 1776ರ ಕೊನೆ ಎರಡು ತಿಂಗಳ ಕ್ಯಾಲೆಂಡರು, ಆಮೇಲೆ ವಾಷಿಂಗ್ಟನ್ ಪತ್ರಗಳು. ಪತ್ರಗಳಿಗೆ ದುಡ್ಡು ಕೊಡೋ ಅಗತ್ಯ ಇಲ್ಲ, ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನ ಫೌಂಡರ್ಸ್ ಆನ್‌ಲೈನ್ ವೆಬ್‌ಸೈಟಲ್ಲಿ ಎಲ್ಲಾ ಫ್ರೀ, ತಾರೀಖು ಹಾಕಿ ಹುಡುಕ್ಬಹುದು.

ಹೆಜ್ಜೆ 1: ಇಡೀ ಯುದ್ಧ ಬೇಡ, ಒಂದು ತಾರೀಖು ಹಿಡೀರಿ

"ವಾಷಿಂಗ್ಟನ್ ಒಳ್ಳೆ ಜನರಲ್ಲಾ?" ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ, ಅದು ಹರಟೆ ಕಟ್ಟೆ ಪ್ರಶ್ನೆ. "1776 ಡಿಸೆಂಬರ್ 25ರ ರಾತ್ರಿ ಡೆಲವೇರ್ ನದಿ ದಾಟ್ಬೇಕಿತ್ತಾ?" ಇದಕ್ಕೆ ಉತ್ತರ ಹುಡುಕ್ಬಹುದು. ಹಂಗೆ ನೋಡಿದ್ರೆ ನವೆಂಬರ್ 16ಕ್ಕೆ ಕೈಬಿಟ್ಟು ಹೋದ ಫೋರ್ಟ್ ವಾಷಿಂಗ್ಟನ್ ಅನ್ನೋ ಕೋಟೆ ಕೂಡ ಇಂಥದ್ದೇ ಇನ್ನೊಂದು ಪ್ರಶ್ನೆ. ಕಲಿಯೋಕೆ ಇವೆರಡನ್ನ ಜೋಡಿಯಾಗಿ ಇಟ್ಕೊಳ್ಳೋದೇ ಒಳ್ಳೇದು, ಒಂದು ಗೆಲುವು ಒಂದು ಸೋಲು, ಎರಡೂ ಒಬ್ಬನೇ ಮನುಷ್ಯಂದು, ನಡುವೆ ಆರು ವಾರಾನೂ ಇಲ್ಲ. ನಾನಿಲ್ಲಿ ಡಿಸೆಂಬರ್‌ನ ಮುಂದಿಟ್ಕೊಂಡು ಹೋಗ್ತೀನಿ, ನವೆಂಬರ್‌ಗೆ ಆಮೇಲೆ ಬರೋಣ.

ಹಿನ್ನೆಲೆ ಬೇಗ ಹೇಳ್ಬಿಡ್ತೀನಿ. 1775ರ ಜೂನ್‌ನಲ್ಲಿ ಕಾಂಟಿನೆಂಟಲ್ ಕಾಂಗ್ರೆಸ್, ಅಂದ್ರೆ ಅಮೆರಿಕದ ಕಾಲೊನಿಗಳ ಪ್ರತಿನಿಧಿಗಳ ಸಭೆ, ಅವನನ್ನ ಸೇನಾಪತಿ ಮಾಡ್ತು, ಆಗ ಅವನಿಗೆ 43 ವರ್ಷ. 1776ರ ಮಾರ್ಚ್ 17ಕ್ಕೆ ಬ್ರಿಟಿಷರು ಬಾಸ್ಟನ್ ಬಿಟ್ಟು ಹೋದ್ರು, ಎಲ್ರೂ ಖುಷ್. ಬೇಸಿಗೇಲಿ ಬ್ರಿಟಿಷ್ ಜನರಲ್ ವಿಲಿಯಂ ಹೋವ್ 30,000ಕ್ಕೂ ಜಾಸ್ತಿ ಸೈನ್ಯ, ದೊಡ್ಡ ನೌಕಾಪಡೆ ಕಟ್ಕೊಂಡು ನ್ಯೂಯಾರ್ಕಿಗೆ ಬಂದ. ಆಗಸ್ಟ್ 27ಕ್ಕೆ ಲಾಂಗ್ ಐಲೆಂಡಲ್ಲಿ ವಾಷಿಂಗ್ಟನ್ ಸೋತ, ಸೆಪ್ಟೆಂಬರಲ್ಲಿ ನ್ಯೂಯಾರ್ಕ್ ಪಟ್ಟಣ ಹೋಯ್ತು, ನವೆಂಬರಲ್ಲಿ ಫೋರ್ಟ್ ವಾಷಿಂಗ್ಟನ್ ಹೋಯ್ತು, ನಾಲ್ಕು ದಿನಕ್ಕೆ ಫೋರ್ಟ್ ಲೀ ಹೋಯ್ತು, ನ್ಯೂಜೆರ್ಸಿ ಉದ್ದಕ್ಕೂ ಓಡ್ಕೊಂಡು ಬಂದು ಡಿಸೆಂಬರ್ ಮೊದಲ್ನೇ ವಾರದ ಕೊನೇಲಿ ಡೆಲವೇರ್ ದಾಟಿ ಪೆನ್ಸಿಲ್ವೇನಿಯಾ ದಡ ಸೇರ್ಕೊಂಡ. ಡಿಸೆಂಬರ್ 12ಕ್ಕೆ ಕಾಂಗ್ರೆಸ್ಸೇ ಫಿಲಡೆಲ್ಫಿಯಾ ಬಿಟ್ಟು ಬಾಲ್ಟಿಮೋರಿಗೆ ಗಂಟುಮೂಟೆ ಕಟ್ತು.

ಹೆಜ್ಜೆ 2: ಯಾವುದು ಯಾವತ್ತು ಮುಗಿಯುತ್ತೆ ಅಂತ ಕ್ಯಾಲೆಂಡರಲ್ಲಿ ಗುರುತು ಹಾಕಿ

ಬೇರೆ ಎಲ್ಲಾ ಹೆಜ್ಜೆ ಬಿಟ್ರೂ ಇದನ್ನ ಬಿಡ್ಬೇಡಿ. ಒತ್ತಡ ಅಂದ್ರೆ ಬರೀ ಶತ್ರು ಎದುರಿಗಿರೋದಲ್ಲ, ಅವಧಿ ಮುಗೀತಾ ಬರೋದು. ವಾಷಿಂಗ್ಟನ್ ಸೈನಿಕರಲ್ಲಿ ಬಹಳಷ್ಟು ಜನರ ಸೇವಾ ಕರಾರು ಡಿಸೆಂಬರ್ 31ಕ್ಕೆ ಮುಗೀತಿತ್ತು. ಮುಗೀತು ಅಂದ್ರೆ ಮುಗೀತು, ಓಡಿಹೋಗೋದಲ್ಲ, ಕಾನೂನು ಪ್ರಕಾರಾನೇ ಬ್ಯಾಗ್ ಹೆಗಲಿಗೇರಿಸಿ ಮನೆಗೆ ಹೋಗ್ಬಹುದು. ಡಿಸೆಂಬರ್ 20ಕ್ಕೆ ಕಾಂಗ್ರೆಸ್ ಅಧ್ಯಕ್ಷ ಜಾನ್ ಹ್ಯಾನ್ಕಾಕ್‌ಗೆ ಬರೆದ ಪತ್ರದಲ್ಲಿ ಅವ್ನು ನೇರವಾಗಿ ಹೇಳ್ತಾನೆ, ಇನ್ನು ಹತ್ತು ದಿನ ಕಳೆದ್ರೆ ನಮ್ಮ ಸೈನ್ಯ ಅನ್ನೋದೇ ಇರಲ್ಲ ಅಂತ.

ಈಗ ನಿಮ್ಮ ಕ್ಯಾಲೆಂಡರಲ್ಲಿ 31ನ್ನ ಕೆಂಪು ಪೆನ್ನಲ್ಲಿ ಸುತ್ತಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಅದರ ಪಕ್ಕದಲ್ಲಿ ಇನ್ನೊಂದು ಗುರುತು: ನದಿ ಹೆಪ್ಪುಗಟ್ಟೋ ದಿನ. ಇದಕ್ಕೆ ತಾರೀಖಿಲ್ಲ, ಆದ್ರೆ ಭಯ ಇತ್ತು, ಐಸ್ ಗಟ್ಟಿಯಾದ್ರೆ ಬ್ರಿಟಿಷರು ದೋಣೀನೇ ಇಲ್ದೆ ನಡ್ಕೊಂಡು ಬರ್ತಾರೆ ಅಂತ. ಎರಡು ಗುರುತು ಹಾಕಿದ ತಕ್ಷಣ ಒಂದು ವಿಷ್ಯ ಕಣ್ಣಿಗೆ ಹೊಡೆಯುತ್ತೆ, "ಸುಮ್ನೆ ಕಾಯೋದು" ಅನ್ನೋದು ಸೇಫ್ ಆಯ್ಕೆ ಆಗಿರ್ಲೇ ಇಲ್ಲ. ಡೆಲವೇರ್ ದಾಟಿದ್ದನ್ನ ಜೂಜು ಅಂತ ಬರೆಯೋರು ಕಾಯೋದ್ರ ಬೆಲೆ ಎಷ್ಟು ಅಂತ ಲೆಕ್ಕ ಹಾಕಿರೋದೇ ಇಲ್ಲ.

ಇಲ್ಲೇ ಪತ್ರ ಓದೋದ್ರ ಬಗ್ಗೆ ಒಂದು ಮಾತು. ಡಿಸೆಂಬರ್ 18ಕ್ಕೆ ಅವ್ನು ತಮ್ಮನಿಗೆ ಬರೆದ ಪತ್ರದಿಂದ "ಆಟ ಹೆಚ್ಚುಕಮ್ಮಿ ಮುಗೀತು" ಅನ್ನೋ ಸಾಲನ್ನ ಎಲ್ಲಾ ಕಡೆ ಕಟ್ ಮಾಡಿ ಹಾಕ್ತಾರೆ, ಮನುಷ್ಯ ಕುಗ್ಗಿಹೋಗಿದ್ದ ಅನ್ನೋಕೆ ಪುರಾವೆ ಥರ. ಪೂರ್ತಿ ವಾಕ್ಯ ಓದಿ ನೋಡಿ, ಹೊಸ ಸೈನ್ಯ ಸೇರಿಸೋಕೆ ಎಲ್ಲಾ ಶಕ್ತಿ ಹಾಕಿ ಬೇಗ ಮಾಡ್ದೇ ಹೋದ್ರೆ ಆಟ ಮುಗೀತು ಅಂತ ಇದೆ. "ಹೋದ್ರೆ" ಅನ್ನೋದನ್ನ ತೆಗೆದ್ರೆ ಗೋಳಾಟ, ಇಟ್ರೆ ಅದೊಂದು ಡಿಮ್ಯಾಂಡು. ಕೋಟ್ ಕಂಡಾಗೆಲ್ಲಾ ಮೂಲ ಪತ್ರಕ್ಕೆ ಹೋಗಿ ಹಿಂದೆ ಮುಂದೆ ಎರಡೆರಡು ವಾಕ್ಯ ಓದೋ ಅಭ್ಯಾಸ ಮಾಡ್ಕೊಳ್ಳಿ.

ಹೆಜ್ಜೆ 3: ತಲೆ ಎಣಿಸಿ, ಪೇಪರ್ ನಂಬ್ಬೇಡಿ

ಆ ಕಾಲದ ಸೈನ್ಯದ ಹಾಜರಿ ಪಟ್ಟೀಲಿ ಕಾಲಂ ಬೇರೆ ಬೇರೆ ಇರುತ್ತೆ: ಡ್ಯೂಟಿಗೆ ಫಿಟ್ ಇರೋರು, ಕಾಯಿಲೆ ಬಿದ್ದು ಕ್ಯಾಂಪಲ್ಲಿರೋರು, ಕಾಯಿಲೆ ಬಿದ್ದು ಬೇರೆಲ್ಲೋ ಇರೋರು, ಬೇರೆ ಕೆಲ್ಸಕ್ಕೆ ಕಳ್ಸಿರೋರು. ಪುಸ್ತಕದಲ್ಲಿ ಬರೋ ದೊಡ್ಡ ನಂಬರು ಸಾಮಾನ್ಯವಾಗಿ ಒಟ್ಟು ಮೊತ್ತ, ನಿಮಗೆ ಬೇಕಾಗಿರೋದು ಮೊದಲ್ನೇ ಕಾಲಂ ಮಾತ್ರ.

ಇದು ಎಷ್ಟು ಮುಖ್ಯ ಅನ್ನೋಕೆ ಬಾಸ್ಟನ್ ಮುತ್ತಿಗೆ ಕಾಲದ ಒಂದು ಘಟನೆ ಸಾಕು. 1775ರ ಆಗಸ್ಟ್ ಶುರುವಿಗೆ ಸಿಡಿಮದ್ದು ಎಷ್ಟಿದೆ ಅಂತ ಮತ್ತೆ ಲೆಕ್ಕ ತೆಗೆಸಿದಾಗ, ಕೈಗೆ ಕೊಟ್ಟಿದ್ದ ಹಳೇ ಲಿಸ್ಟಲ್ಲಿ ಮುನ್ನೂರಕ್ಕೂ ಹೆಚ್ಚು ಪೀಪಾಯಿ ಇದ್ದಿದ್ದು ದಾಸ್ತಾನಲ್ಲಿ ನಿಜವಾಗ್ಲೂ ಇದ್ದಿದ್ದು ಸುಮಾರು 36. ಲಿಸ್ಟ್ ಮಾಡಿದವ್ರು ಮೋಸ ಮಾಡಿರ್ಲಿಲ್ಲ, ಅಲ್ಲಿ ತನಕ ಸಂಗ್ರಹ ಆಗಿದ್ದನ್ನೆಲ್ಲಾ ಬರೆದಿದ್ರು, ಅದ್ರಲ್ಲಿ ಖರ್ಚಾಗಿದ್ದನ್ನ ಕಳೆದಿರ್ಲಿಲ್ಲ ಅಷ್ಟೇ. ಒಬ್ಬೊಬ್ಬ ಸೈನಿಕನಿಗೆ ಒಂಬತ್ತು ಗುಂಡಿಗಿಂತ ಜಾಸ್ತಿ ಬರಲ್ಲ ಅನ್ನೋ ಸ್ಥಿತಿ. ಸುದ್ದಿ ಕೇಳಿ ವಾಷಿಂಗ್ಟನ್ ಅರ್ಧ ಗಂಟೆ ಬಾಯೇ ಬಿಡ್ಲಿಲ್ಲ ಅಂತ ಅಲ್ಲಿದ್ದ ಜನರಲ್ ಸಲ್ಲಿವನ್ ಬರೆದಿದ್ದಾನೆ. ಆಮೇಲೆ ಮಾಡಿದ್ದು ಗಮನಿಸಿ: ವಿಷ್ಯ ಹೊರಗೆ ಹೋಗದಂಗೆ ನೋಡ್ಕೊಂಡ, ಅಕ್ಕಪಕ್ಕದ ಕಾಲೊನಿಗಳಿಗೆಲ್ಲಾ ಮದ್ದು ಕೇಳಿ ಪತ್ರ ಹಾಕ್ದ, ಮುತ್ತಿಗೆ ಮಾತ್ರ ಮುಂದುವರ್ಸ್ದ.

ಡೆಲವೇರ್ ವಿಷ್ಯಕ್ಕೆ ಬಂದ್ರೆ ಅವತ್ತು ರಾತ್ರಿ ಅವನ ಜೊತೆ ದಾಟಿದ್ದು ಸುಮಾರು 2,400 ಜನ, 18 ಫಿರಂಗಿ. ಎದುರಿಗೆ ಟ್ರೆಂಟನ್ನಲ್ಲಿ ಕರ್ನಲ್ ಯೋಹಾನ್ ರಾಲ್ ಕೈಕೆಳಗೆ ಸುಮಾರು 1,500 ಹೆಸ್ಸಿಯನ್ನರು, ಅಂದ್ರೆ ಬ್ರಿಟಿಷರು ದುಡ್ಡು ಕೊಟ್ಟು ತರಿಸ್ಕೊಂಡಿದ್ದ ಜರ್ಮನ್ ಸೈನಿಕರು. ಇಡೀ ಯುದ್ಧ ನೋಡಿದ್ರೆ ವಾಷಿಂಗ್ಟನ್ ಪುಟ್ಟ ಸೈನ್ಯ, ಆ ಒಂದು ಊರಿಗೆ, ಆ ಒಂದು ಬೆಳಗ್ಗೆಗೆ ಮಾತ್ರ ಅವನದೇ ದೊಡ್ಡದು. ತಲೆ ಎಣಿಸದೇ ಇದ್ರೆ ಇದು ಗೊತ್ತಾಗಲ್ಲ.

ಹೆಜ್ಜೆ 4: ಪುಟದ ಮಧ್ಯೆ ಗೆರೆ ಎಳೀರಿ, ಗೊತ್ತಿದ್ದಿದ್ದು ಒಂದು ಕಡೆ, ಗೊತ್ತಿಲ್ದೇ ಇದ್ದಿದ್ದು ಇನ್ನೊಂದು ಕಡೆ

ಎಡಗಡೆ: ಟ್ರೆಂಟನ್ನಲ್ಲಿ ಯಾರಿದ್ದಾರೆ, ಹೆಚ್ಚುಕಮ್ಮಿ ಎಷ್ಟಿದ್ದಾರೆ, ನ್ಯೂಜೆರ್ಸಿ ಉದ್ದಕ್ಕೂ ಶತ್ರು ಚೌಕಿಗಳು ದೂರ ದೂರ ಹರಡಿವೆ, ನದಿಯ ಈ ಭಾಗದ ದೋಣಿ ಎಲ್ಲಾ ನಮ್ಮ ಕಡೆ ಇವೆ.

ಬಲಗಡೆ: ಹೋವ್ ನಿಜವಾಗ್ಲೂ ನಿಂತಿದ್ದಾನಾ ಇಲ್ವಾ. ಇದು ದೊಡ್ಡದು. ನಮಗೆ ಈಗ ಗೊತ್ತು, ಡಿಸೆಂಬರ್ 13ಕ್ಕೇ ಹೋವ್ ಈ ವರ್ಷದ ಯುದ್ಧ ಸಾಕು ಅಂತ ಸೈನ್ಯಾನ ಚಳಿಗಾಲದ ಬಿಡಾರಕ್ಕೆ ಕಳ್ಸೋ ತೀರ್ಮಾನ ಮಾಡಿದ್ದ. ವಾಷಿಂಗ್ಟನ್ ಮಾತ್ರ ಅವನ ಕಣ್ಣು ಫಿಲಡೆಲ್ಫಿಯಾ ಮೇಲೇ ಇದೆ, ನದಿ ಹೆಪ್ಪುಗಟ್ಟೋದನ್ನೇ ಕಾಯ್ತಿದ್ದಾನೆ ಅಂತ ನಂಬಿದ್ದ. ಅಂದ್ರೆ ಅವನ ಆತುರದಲ್ಲಿ ಸ್ವಲ್ಪ ಭಾಗ ತಪ್ಪು ಅಂದಾಜಿಂದ ಬಂದಿದ್ದು! ಇದನ್ನ ಅವನ ವಿರುದ್ಧ ಬರ್ಕೊಳ್ಳೋಕೆ ಹೋಗ್ಬೇಡಿ. ಬಲಗಡೆ ಕಾಲಂ ಇರೋದೇ ಈ ಥರದ್ದನ್ನ ಹಾಕೋಕೆ, ನಮಗೆ ಆಮೇಲೆ ಗೊತ್ತಾಗಿದ್ದನ್ನ ಅವನ ತಲೆಗೆ ಕಟ್ಟದೇ ಇರೋಕೆ.

ಕಷ್ಟ ಎಲ್ಲಿ ಅಂದ್ರೆ, ಓದ್ತಾ ಓದ್ತಾ ನಾವು ಗೊತ್ತಿಲ್ದೇನೇ ಬಲಗಡೆದನ್ನ ಎಡಗಡೆಗೆ ಜಾರಿಸ್ಬಿಡ್ತೀವಿ. ಅದಕ್ಕೆ ಎಡಗಡೆ ಬರೆಯೋ ಪ್ರತಿ ಸಾಲಿನ ಪಕ್ಕ, ಇದು ಅವನಿಗೆ ಗೊತ್ತಿತ್ತು ಅಂತ ಯಾವ ತಾರೀಖಿನ ಪತ್ರ ಹೇಳುತ್ತೆ ಅಂತ ಬರೀರಿ, ತಾರೀಖು ಸಿಗ್ಲಿಲ್ಲ ಅಂದ್ರೆ ಬಲಗಡೆಗೆ ಹಾಕಿ.

ಹೆಜ್ಜೆ 5: ಮ್ಯಾಪು ಪಕ್ಕದಲ್ಲಿ ಗಡಿಯಾರ ಇಡಿ

ಬರೀ ಮ್ಯಾಪಲ್ಲಿ ಬಾಣ ಎಳೆದ್ರೆ ಎಲ್ಲಾ ಸುಲಭ ಅನ್ಸುತ್ತೆ. ಪ್ಲಾನ್ ಹಿಂಗಿತ್ತು: ಮೂರು ಜಾಗದಲ್ಲಿ ನದಿ ದಾಟೋದು. ವಾಷಿಂಗ್ಟನ್ ಮ್ಯಾಕ್‌ಕಾಂಕೀಸ್ ಫೆರಿ ಅನ್ನೋ ಕಡವಲ್ಲಿ, ಅಲ್ಲಿಂದ ಟ್ರೆಂಟನ್ ಸುಮಾರು 9 ಮೈಲಿ. ಯೂಯಿಂಗ್ ಅನ್ನೋನು ಟ್ರೆಂಟನ್ ಹತ್ರಾನೇ ದಾಟಿ ಊರಿನ ದಕ್ಷಿಣಕ್ಕಿರೋ ಸೇತುವೆ ಬಂದ್ ಮಾಡ್ಬೇಕು, ಹೆಸ್ಸಿಯನ್ನರು ಆ ಕಡೆ ತಪ್ಪಿಸ್ಕೊಳ್ಳದಂಗೆ. ಕ್ಯಾಡ್ವಾಲಡರ್ ಅನ್ನೋ ಇನ್ನೊಬ್ಬ ಆಫೀಸರ್ ಇನ್ನೂ ಕೆಳಗೆ ದಾಟಿ ಅಲ್ಲಿರೋ ಶತ್ರುಗಳನ್ನ ಬಿಜಿ ಇಡ್ಬೇಕು. ಮಧ್ಯರಾತ್ರಿಗೆ ಎಲ್ಲಾ ದಾಟಿ ಮುಗೀಬೇಕು, ಬೆಳಗಿನ ಜಾವ ಐದಕ್ಕೆ ಟ್ರೆಂಟನ್ ಸೇರ್ಬೇಕು, ಕತ್ತಲಿರುವಾಗ್ಲೇ.

ಆಗಿದ್ದು: ನದೀಲಿ ಐಸ್ ಗಡ್ಡೆಗಳು, ಮೇಲಿಂದ ಹಿಮ, ಆಲಿಕಲ್ಲು. ಕಬ್ಬಿಣದ ಅದಿರು ಸಾಗ್ಸೋ ಡರ್ಹಮ್ ಬೋಟುಗಳಲ್ಲಿ ಜನಾನ ದಾಟಿಸಿದ್ದು ಜಾನ್ ಗ್ಲೋವರ್‌ನ ಮಾರ್ಬಲ್‌ಹೆಡ್ ಮೀನುಗಾರರು, ನಾವಿಕರು. ಕೊನೇ ಫಿರಂಗಿ ದಡ ಸೇರೋ ಹೊತ್ತಿಗೆ ಮೂರು ಗಂಟೆ, ನಡಿಗೆ ಶುರು ಆಗೋಕೆ ಹತ್ರ ಹತ್ರ ನಾಲ್ಕು. ಉಳಿದ ಎರಡು ಕಡೆ ದಾಟೋಕೇ ಆಗ್ಲಿಲ್ಲ, ಕ್ಯಾಡ್ವಾಲಡರ್ ಸ್ವಲ್ಪ ಕಾಲಾಳುಗಳನ್ನ ದಾಟಿಸಿದ, ಫಿರಂಗಿ ಇಳಿಸೋಕಾಗದೆ ವಾಪಸ್ ಬಂದ.

ಈಗ ಪುಸ್ತಕ ಮುಚ್ಚಿಟ್ಟು ನೀವೇ ಆ ನಾಲ್ಕು ಗಂಟೇಲಿ ನಿಲ್ಲಿ. ಬೆಳಕು ಹರಿಯೋ ಮುಂಚೆ ಸೇರೋಕಾಗಲ್ಲ ಅನ್ನೋದು ಖಾತ್ರಿ. ಮುಂದೆ ಹೋಗ್ತೀರೋ ವಾಪಸ್ಸೋ? ಬರೆದಿಟ್ಟು ಆಮೇಲೆ ಡಿಸೆಂಬರ್ 27ಕ್ಕೆ ಅವ್ನು ಹ್ಯಾನ್ಕಾಕ್‌ಗೆ ಕೊಟ್ಟ ವರದಿ ಓದಿ. ಹಠಾತ್ ದಾಳಿ ಮಾಡೋ ಆಸೆ ಕೈಬಿಟ್ಟೆ, ಆದ್ರೆ ವಾಪಸ್ ಹೋದ್ರೂ ಅವ್ರ ಕಣ್ಣಿಗೆ ಬೀಳ್ತೀವಿ, ನದಿ ದಾಟುವಾಗ ಹಿಂದಿಂದ ಕಾಡ್ತಾರೆ, ಅದಕ್ಕೆ ಏನಾದ್ರಾಗ್ಲಿ ಅಂತ ಮುಂದೆ ಹೋಗೋದೇ ಸರಿ ಅನ್ಕೊಂಡೆ ಅಂತ ಬರೀತಾನೆ. ನೋಡಿ, ಧೈರ್ಯ ಗೀರ್ಯ ಅಂತ ಒಂದು ಪದಾನೂ ಇಲ್ಲ, ಎರಡು ಅಪಾಯಾನ ತೂಗಿ ನೋಡಿದ್ದಾನೆ, ಅಷ್ಟೇ. ನನಗೆ ಇಡೀ ಪತ್ರದಲ್ಲಿ ಇಷ್ಟ ಆಗೋ ಜಾಗ ಇದು.

ಅದೇ ವರದೀಲಿ ಇನ್ನೊಂದು ಸಣ್ಣ ವಿಷ್ಯ ಇದೆ. ಸೈನ್ಯಾನ ಎರಡು ಭಾಗ ಮಾಡಿ ಎರಡು ರಸ್ತೇಲಿ ಕಳ್ಸಿದ್ದ, ಜನರಲ್ ನಥಾನಿಯಲ್ ಗ್ರೀನ್ ಮೇಲಿನ ದಾರೀಲಿ, ಸಲ್ಲಿವನ್ ನದಿ ಪಕ್ಕದ ದಾರೀಲಿ. ಎರಡೂ ಹೆಚ್ಚುಕಮ್ಮಿ ಒಂದೇ ದೂರ. ಮೇಲಿನ ದಾರಿಯವ್ರು ಸರಿಯಾಗಿ ಎಂಟಕ್ಕೆ ಶತ್ರು ಚೌಕಿ ಮುಟ್ಟಿದ್ರು, ಮೂರು ನಿಮಿಷಕ್ಕೆ ಕೆಳಗಿನ ದಾರಿ ಕಡೆಯಿಂದ ಗುಂಡಿನ ಸದ್ದು ಕೇಳಿಸ್ತು ಅಂತ ಬರೆದಿದ್ದಾನೆ. ರಾತ್ರಿಯಿಡೀ ಹಿಮದಲ್ಲಿ ನಡೆದು ಮೂರು ನಿಮಿಷದ ವ್ಯತ್ಯಾಸ! ಇದು ತಾನಾಗೇ ಆಗಲ್ಲ, ಹಿಂದಿನ ದಿನದ ಆದೇಶಗಳಲ್ಲಿ ಆಫೀಸರುಗಳು ಗುರುತಿಗೆ ಟೋಪಿಗೆ ಬಿಳಿ ಕಾಗದ ಸಿಕ್ಕಿಸ್ಕೋಬೇಕು ಅನ್ನೋದ್ರಿಂದ ಹಿಡಿದು ಯಾರೂ ಪಿಟಕ್ ಅನ್ಬಾರ್ದು ಅನ್ನೋ ತನಕ ಎಲ್ಲಾ ಬರೆದಿತ್ತು.

ಹೆಜ್ಜೆ 6: ರೂಮಲ್ಲಿ ಯಾರ್ಯಾರಿದ್ರು, ಬೆನ್ನ ಹಿಂದೆ ಯಾರಿದ್ರು

ಸೇನಾಪತಿ ಒಬ್ಬನೇ ಕೂತು ತೀರ್ಮಾನ ಮಾಡಲ್ಲ. ವಾಷಿಂಗ್ಟನ್ ತನ್ನ ಜನರಲ್‌ಗಳನ್ನ ಕೂರಿಸಿ ಸಭೆ ಮಾಡ್ತಿದ್ದ, ಬಾಸ್ಟನ್ನಲ್ಲಿ ಐಸ್ ಮೇಲೆ ನಡೆದು ಹೋಗಿ ದಾಳಿ ಮಾಡೋಣ ಅಂದಾಗ ಸಭೆ ಬೇಡ ಅಂತು, ಅವ್ನು ಒಪ್ಕೊಂಡ. ಹಂಗಾಗಿ ಯಾವುದೇ ನಿರ್ಧಾರ ಓದುವಾಗ ಸಭೆ ಆಯ್ತಾ, ಯಾರು ಬೇಡ ಅಂದ್ರು ಅಂತ ಒಂದು ಸಾಲು ಬರ್ಕೊಳ್ಳಿ.

ಬೆನ್ನ ಹಿಂದಿನ ಕಥೆ ಇನ್ನೂ ಸ್ವಾರಸ್ಯ. ಜೋಸೆಫ್ ರೀಡ್ ಅಂತ ಅವನ ತುಂಬಾ ನಂಬಿಕೆಯ ಆಫೀಸರ್. ಫೋರ್ಟ್ ವಾಷಿಂಗ್ಟನ್ ಹೋದ್ಮೇಲೆ ಈ ರೀಡ್, ಜನರಲ್ ಚಾರ್ಲ್ಸ್ ಲೀಗೆ ಗುಟ್ಟಾಗಿ ಪತ್ರ ಬರೆದ, ನಮ್ಮ ಸಾಹೇಬರಿಗೆ ತೀರ್ಮಾನ ತಗೊಳೋಕೆ ಬರಲ್ಲ, ನೀವಿದ್ದಿದ್ರೆ ಹಿಂಗಾಗ್ತಿರ್ಲಿಲ್ಲ ಅನ್ನೋ ಧಾಟೀಲಿ. ಲೀ ಉತ್ತರ ಬರೆದ, ಯುದ್ಧದಲ್ಲಿ ದಡ್ಡತನಕ್ಕಿಂತ, ಹೇಡಿತನಕ್ಕಿಂತ ಈ ಅನಿಶ್ಚಯದ ಮನಸ್ಸು ದೊಡ್ಡ ದೋಷ ಅಂತ. ಆ ಉತ್ತರ ಬಂದಾಗ ರೀಡ್ ಊರಲ್ಲಿರ್ಲಿಲ್ಲ. ಆಫೀಸ್ ಪತ್ರ ಇರ್ಬೇಕು ಅಂತ ವಾಷಿಂಗ್ಟನ್ನೇ ಒಡೆದು ಓದ್ದ.

ನವೆಂಬರ್ 30ಕ್ಕೆ ಅವ್ನು ಆ ಪತ್ರಾನ ರೀಡ್‌ಗೆ ಕಳ್ಸಿದ, ಜೊತೆಗೊಂದು ಚೀಟಿ: ಖಾಸಗಿ ಪತ್ರ ಅಂತ ಗೊತ್ತಾಗ್ಲಿಲ್ಲ, ಒಡೆದಿದ್ದಕ್ಕೆ ಕ್ಷಮೆ ಇರ್ಲಿ, ನೀವು ಈ ಪ್ರಯಾಣದಲ್ಲಿ ಪಟ್ಟ ಶ್ರಮಕ್ಕೆ ಥ್ಯಾಂಕ್ಸ್. ಅಷ್ಟೇ. ಓದ್ಕೊಂಡ ಮನುಷ್ಯ ಮುಖ ಎಲ್ಲಿ ಇಟ್ಕೋಬೇಕು! ಇಲ್ಲಿಗೇ ಕಥೆ ನಿಲ್ಲಿಸೋರು ಜಾಸ್ತಿ, ನೀವು ನಿಲ್ಲಿಸ್ಬೇಡಿ, ಡಿಸೆಂಬರ್ 23ರ ಪತ್ರ ತೆಗೀರಿ. ಕ್ರಿಸ್ಮಸ್ ರಾತ್ರಿ ಬೆಳಕು ಹರಿಯೋಕೆ ಒಂದು ಗಂಟೆ ಮುಂಚೆ ಟ್ರೆಂಟನ್ ಮೇಲೆ ಹೋಗ್ತೀವಿ, ದೇವರಾಣೆ ಯಾರಿಗೂ ಹೇಳ್ಬೇಡ, ನಾವಂದ್ಕೊಂಡಷ್ಟು ಜನ ನಮ್ಮ ಹತ್ರ ಇಲ್ಲ, ಆದ್ರೆ ಅನಿವಾರ್ಯ, ಅದೇ ಈ ದಾಳಿಗೆ ಸಮರ್ಥನೆ ಅನ್ನೋ ಅರ್ಥದ ಪತ್ರ. ಅಷ್ಟು ದೊಡ್ಡ ಗುಟ್ಟನ್ನ ಬರೆದಿದ್ದು ಯಾರಿಗೆ? ಅದೇ ರೀಡ್‌ಗೆ. ಅವ್ನಿಲ್ಲ ಅಂದ್ರೆ ಕ್ಯಾಡ್ವಾಲಡರ್ ಮಾತ್ರ ಓದ್ಬೇಕು ಅಂತ ಮೇಲೆ ಬರೆದಿತ್ತು. ಹಿಂದಿನ ದಿನ ರೀಡ್ ಕೂಡ, ಏನಾದ್ರೂ ಮಾಡ್ಲೇಬೇಕು ಅಂತ ಒತ್ತಾಯ ಮಾಡಿ ಪತ್ರ ಬರೆದಿದ್ದ. ನೋವು ಮರೆತಿದ್ನಾ ಅಂತ ನಾವು ಹೇಳೋಕಾಗಲ್ಲ, ಕೆಲ್ಸಕ್ಕೆ ಬೇಕಾದ ಮನುಷ್ಯನ್ನ ಕೆಲ್ಸಕ್ಕೆ ಇಟ್ಕೊಂಡ ಅಂತ ಮಾತ್ರ ಹೇಳ್ಬಹುದು. ಲೀ ಏನಾದ ಅಂದ್ರೆ, ಡಿಸೆಂಬರ್ 13ಕ್ಕೆ ಬಾಸ್ಕಿಂಗ್ ರಿಡ್ಜ್ ಅನ್ನೋ ಊರಿನ ಹೋಟೆಲಲ್ಲಿ ತನ್ನ ಸೈನ್ಯದಿಂದ ದೂರ ತಂಗಿದ್ದಾಗ ಬ್ರಿಟಿಷ್ ಕುದುರೆ ಸವಾರರ ಕೈಗೆ ಸಿಕ್ಕಿಬಿದ್ದ.

ಹೆಜ್ಜೆ 7: ಎದುರು ಕಡೆಯವ್ರನ್ನ ದಡ್ಡರು ಮಾಡ್ಬೇಡಿ

ಹೆಸ್ಸಿಯನ್ನರು ಕ್ರಿಸ್ಮಸ್ ಕುಡಿದು ಬಿದ್ದಿದ್ರು ಅನ್ನೋದು ಸುಳ್ಳು, ಗೆದ್ದವ್ರು ಕಟ್ಟಿದ ಕಥೆ. ನಿಜಾಂಶ ಏನಂದ್ರೆ ನ್ಯೂಜೆರ್ಸಿಯ ಮಿಲಿಷಿಯಾದವ್ರು, ಅಂದ್ರೆ ಊರ ಜನರೇ ಸೇರಿದ ಪಡೆಯವ್ರು, ದಿನಾ ಕಾಡಿ ಕಾಡಿ ಅವ್ರನ್ನ ಸುಸ್ತು ಮಾಡಿದ್ರು, ರಾತ್ರಿ ಯೂನಿಫಾರ್ಮಲ್ಲೇ ಮಲಗ್ತಿದ್ರು. ರಾಲ್ ಊರಿನ ಸುತ್ತ ಕೋಟೆ ಕಟ್ಟಿಸ್ಲಿಲ್ಲ, ಅದು ಅವನ ತಪ್ಪೇ. ಆದ್ರೆ ಅಷ್ಟು ಉದ್ದಕ್ಕೆ ಚೌಕಿಗಳನ್ನ ಹರಡಿದ್ದು ಹೋವ್, ಅದು ಸ್ವಲ್ಪ ಜಾಸ್ತೀನೇ ಉದ್ದ ಆಯ್ತು ಅಂತ ಅವನೇ ಲಂಡನ್ನಿಗೆ ಬರೆದಿದ್ದ, ದಾಳಿಗೆ ಮುಂಚೇನೇ. ಟ್ರೆಂಟನ್ ಸಹಾಯಕ್ಕೆ ಬರ್ಬೇಕಿದ್ದ ಕರ್ನಲ್ ಡೋನಪ್ ಮಿಲಿಷಿಯಾ ಬೆನ್ನತ್ತಿ ದಕ್ಷಿಣಕ್ಕೆ ಮೌಂಟ್ ಹಾಲಿ ಕಡೆ ಹೋಗ್ಬಿಟ್ಟಿದ್ದ. ಎದುರಾಳಿ ಬುದ್ಧಿವಂತ, ಆದ್ರೂ ಸೋತ, ಯಾಕೆ ಅಂತ ಕೇಳ್ದಾಗ್ಲೇ ಇಂಥ ಉತ್ತರ ಸಿಗೋದು.

ಚಿತ್ರಗಳ ಬಗ್ಗೆನೂ ಇದೇ ಮಾತು. ದೋಣೀಲಿ ನಿಂತ ವಾಷಿಂಗ್ಟನ್ ಹಿಂದೆ ನಕ್ಷತ್ರ, ಪಟ್ಟೆ ಇರೋ ಬಾವುಟ ಇರೋ ಫೇಮಸ್ ಪೇಂಟಿಂಗ್ ಬರೆದಿದ್ದು 1851ರಲ್ಲಿ, ಆ ಬಾವುಟಾನ ಕಾಂಗ್ರೆಸ್ ಒಪ್ಪಿದ್ದು 1777ರ ಜೂನ್ 14ಕ್ಕೆ, ಅಂದ್ರೆ ನದಿ ದಾಟಿ ಹತ್ರ ಹತ್ರ ಆರು ತಿಂಗಳಾದ್ಮೇಲೆ.

ಹೆಜ್ಜೆ 8: ಅದೃಷ್ಟಾನ ಜರಡಿ ಹಿಡೀರಿ

ಮೂರು ರಾಶಿ ಮಾಡಿ: ಬರೀ ಅದೃಷ್ಟ, ಬರೀ ತಯಾರಿ, ಎರಡೂ ಕಲೆತಿದ್ದು. ಬ್ರೂಕ್ಲಿನ್ನಿಂದ ಆಗಸ್ಟ್ 29ರ ರಾತ್ರಿ ಸುಮಾರು 9,000 ಜನಾನ ಈಸ್ಟ್ ನದಿ ದಾಟಿಸಿ ಮ್ಯಾನ್‌ಹಟನ್‌ಗೆ ತಂದಿದ್ದು ಅಭ್ಯಾಸಕ್ಕೆ ಒಳ್ಳೇದು. ಗಾಳಿ ಉಲ್ಟಾ ಬೀಸಿ ಬ್ರಿಟಿಷ್ ಹಡಗುಗಳು ನದಿ ಒಳಗೆ ಬರ್ಲಿಲ್ಲ, ಬೆಳಗ್ಗೆ ಇನ್ನೂ ಜನ ಉಳಿದಿದ್ದಾಗ ದಟ್ಟ ಮಂಜು ಕವೀತು. ಇವೆರಡೂ ಅದೃಷ್ಟ. ಗುಟ್ಟಾಗಿ ದೋಣಿ ಸೇರಿಸಿದ್ದು, ಗ್ಲೋವರ್‌ನ ನಾವಿಕರ ಕೈಗೆ ಕೊಟ್ಟಿದ್ದು, ಸಾಮಾನ್ಯ ಸೈನಿಕರಿಗೂ ಎಲ್ಲಿಗೆ ಅಂತ ಹೇಳ್ದೇ ಇದ್ದಿದ್ದು ತಯಾರಿ. ನಡುವೆ ಒಂದು ಎಡವಟ್ಟು: ಕೊನೇ ತನಕ ಕಾವಲಿರ್ಬೇಕಿದ್ದ ಜನರಲ್ ಮಿಫ್ಲಿನ್‌ನ ಪಡೆಗೆ ತಪ್ಪು ಆದೇಶ ಹೋಗಿ ಅವ್ರು ಮೊದಲೇ ಜಾಗ ಬಿಟ್ಟು ಬಂದ್ಬಿಟ್ರು, ವಾಷಿಂಗ್ಟನ್ ದಾರೀಲಿ ನೋಡಿ ವಾಪಸ್ ಕಳ್ಸ್ದ. ಅಷ್ಟೂ ಹೊತ್ತು ಕಂದಕ ಖಾಲಿ, ಶತ್ರುಗೆ ಗೊತ್ತೇ ಆಗ್ಲಿಲ್ಲ. ಆ ಸೈನಿಕರು ಮರು ಮಾತಾಡ್ದೆ ವಾಪಸ್ ಹೋಗಿ ನಿಂತಿದ್ದನ್ನ ಮಾತ್ರ ಯಾವ ರಾಶಿಗೆ ಹಾಕೋದು ಅಂತ ನೀವೇ ಯೋಚ್ನೆ ಮಾಡಿ.

ಡೆಲವೇರ್‌ಗೆ ಬಂದ್ರೆ ಬಿರುಗಾಳಿ ದಾಳಿ ಮಾಡೋರ ಬೆನ್ನಿಗೆ, ಹೆಸ್ಸಿಯನ್ನರ ಮುಖಕ್ಕೆ ಹೊಡೀತಿದ್ದಿದ್ದು ಅದೃಷ್ಟ. ದೋಣಿ ಅದೃಷ್ಟ ಅಲ್ಲ. ಡಿಸೆಂಬರ್ ಶುರುವಲ್ಲೇ ನದಿ ಉದ್ದಕ್ಕೂ ಮೈಲಿಗಟ್ಟಲೆ ಸಿಕ್ಕಿದ ದೋಣೀನೆಲ್ಲಾ ಪಶ್ಚಿಮ ದಡಕ್ಕೆ ಎಳೆಸಿದ್ದ, ಆಗ ಉದ್ದೇಶ ಬ್ರಿಟಿಷರು ದಾಟದಂಗೆ ತಡೆಯೋದು. ಓಡೋಕೆ ಬಳಸಿದ್ದೇ ಮೂರು ವಾರಕ್ಕೆ ಹೊಡೆಯೋಕೆ ಬಂತು.

ಹೆಜ್ಜೆ 9: ಮಾರನೇ ದಿನದಿಂದ ಒಂದು ವಾರ ಓದಿ

ಟ್ರೆಂಟನ್ನಲ್ಲಿ ಸುಮಾರು 900 ಹೆಸ್ಸಿಯನ್ನರು ಸೆರೆ ಸಿಕ್ಕಿದ್ರು, ರಾಲ್ ಗಾಯಗೊಂಡು ಸತ್ತ, ಅಮೆರಿಕನ್ನರಲ್ಲಿ ಕಾಳಗದಲ್ಲಿ ಗಾಯ ಆದವ್ರೇ ಬೆರಳೆಣಿಕೆ, ಅದ್ರಲ್ಲೊಬ್ಬ ಮುಂದೆ ಅಧ್ಯಕ್ಷನಾದ ಜೇಮ್ಸ್ ಮನ್ರೋ. ಯೂಯಿಂಗ್‌ಗೆ ಸೇತುವೆ ಬಂದ್ ಮಾಡೋಕಾಗದೇ ಇದ್ದಿದ್ರಿಂದ ಒಂದಷ್ಟು ನೂರು ಜನ ತಪ್ಪಿಸ್ಕೊಂಡ್ರು. ಇಷ್ಟು ಬರೆದು ಪುಸ್ತಕ ಮುಚ್ಚಿದ್ರೆ 31ರ ಕೆಂಪು ಗುರುತನ್ನ ಮರೆತ್ರಿ ಅಂತ ಅರ್ಥ! ಗೆದ್ದ ಮಾತ್ರಕ್ಕೆ ಕರಾರು ಮುಂದಕ್ಕೆ ಹೋಗಲ್ಲ.

ಡಿಸೆಂಬರ್ ಕೊನೇಲಿ ಮತ್ತೆ ಟ್ರೆಂಟನ್ನಿಗೆ ಬಂದು, ಸೈನಿಕರನ್ನ ಸಾಲಾಗಿ ನಿಲ್ಲಿಸಿ, ಇನ್ನಾರು ವಾರ ಇರಿ, ತಲೆಗೆ 10 ಡಾಲರ್ ಕೊಡ್ತೀನಿ ಅಂದ. ಡ್ರಮ್ ಬಾರಿಸಿದ್ರು, ಒಬ್ಬನೂ ಮುಂದೆ ಬರ್ಲಿಲ್ಲ. ಮತ್ತೆ ಕುದುರೆ ತಿರುಗಿಸ್ಕೊಂಡು ಬಂದು ಮಾತಾಡ್ದ, ನೀವು ಕೇಳಿದ್ದೆಲ್ಲಾ ಮಾಡಿದ್ದೀರಿ, ಅದಕ್ಕಿಂತ ಜಾಸ್ತೀನೇ ಮಾಡಿದ್ದೀರಿ ಅನ್ನೋ ಥರ. ಆಮೇಲೆ ಒಬ್ಬೊಬ್ಬರಾಗಿ ಬಂದ್ರು. ಆ 10 ಡಾಲರ್ ಕೊಡೋ ದುಡ್ಡು ಅವನ ಹತ್ರ ಇರ್ಲಿಲ್ಲ, ಫಿಲಡೆಲ್ಫಿಯಾದಲ್ಲಿದ್ದ ವ್ಯಾಪಾರಿ, ಕಾಂಗ್ರೆಸ್ ಸದಸ್ಯ ರಾಬರ್ಟ್ ಮಾರಿಸ್‌ಗೆ ಪತ್ರ ಬರೆದು ತರಿಸ್ಕೊಂಡ. ನದಿ ದಾಟಿದ್ದಕ್ಕಿಂತ ದೊಡ್ಡ ರಿಸ್ಕು ಇದೇ ಅಂತ ನನ್ನ ಅಭಿಪ್ರಾಯ, ಕೊಟ್ಟ ಮಾತು ತಪ್ಪಿದ್ರೆ ಮುಂದಿನ ವರ್ಷ ಒಬ್ಬನೂ ನಂಬ್ತಿರ್ಲಿಲ್ಲ.

ಜನವರಿ 2ಕ್ಕೆ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ದೊಡ್ಡ ಪಡೆ ತಂದು ಅಸನ್‌ಪಿಂಕ್ ಹಳ್ಳದ ಆಚೆ ನಿಂತ. ಕತ್ತಲಾದ್ಮೇಲೆ ಕ್ಯಾಂಪಲ್ಲಿ ಬೆಂಕಿ ಉರೀತಾ ಇರೋಕೆ ಬಿಟ್ಟು, ಗಾಲಿಗೆ ಬಟ್ಟೆ ಸುತ್ತಿ, ಇಡೀ ಸೈನ್ಯ ಪಕ್ಕದ ದಾರೀಲಿ ಜಾರ್ಕೊಂಡು ಜನವರಿ 3ರ ಬೆಳಗ್ಗೆ ಪ್ರಿನ್ಸ್‌ಟನ್ನಲ್ಲಿ ಗೆದ್ದು, ಮಾರಿಸ್‌ಟೌನ್ ಬೆಟ್ಟಗಳಿಗೆ ಹೋಗಿ ಬಿಡಾರ ಹಾಕ್ತು.

ಹೆಜ್ಜೆ 10: ಈಗ ಇದೇ ಅಳತೆಯಲ್ಲಿ ಸೋಲನ್ನ ಅಳೀರಿ

ಫೋರ್ಟ್ ವಾಷಿಂಗ್ಟನ್ ಮ್ಯಾನ್‌ಹಟನ್‌ನ ಉತ್ತರದ ತುದೀಲಿ, ಹಡ್ಸನ್ ನದಿ ಮೇಲೆ. ಎದುರು ದಡದಲ್ಲಿ ಫೋರ್ಟ್ ಲೀ. ಎರಡೂ ಸೇರಿ ಬ್ರಿಟಿಷ್ ಹಡಗುಗಳನ್ನ ತಡೀಬೇಕು. ನವೆಂಬರ್ ಮೊದಲ್ನೇ ವಾರದಲ್ಲಿ ಮೂರು ಹಡಗು ಆರಾಮಾಗಿ ದಾಟ್ಕೊಂಡು ಹೋದ್ವು, ಅಂದ್ರೆ ಕೋಟೆ ಇಟ್ಟ ಉದ್ದೇಶಾನೇ ಹೋಯ್ತು. 8ಕ್ಕೆ ವಾಷಿಂಗ್ಟನ್ ಗ್ರೀನ್‌ಗೆ ಬರೀತಾನೆ, ಅಲ್ಲಿ ಜನಾನ ಅಪಾಯಕ್ಕೆ ಒಡ್ಡೋದು ಜಾಣತನ ಅಲ್ಲ ಅನ್ಸುತ್ತೆ, ಆದ್ರೆ ನೀನು ಸ್ಥಳದಲ್ಲಿದ್ದೀಯ, ನಿನಗೆ ಬಿಟ್ಟಿದ್ದು ಅಂತ. ಗ್ರೀನ್ ಉಳಿಸ್ಕೋಬಹುದು ಅಂದ. 13ಕ್ಕೆ ವಾಷಿಂಗ್ಟನ್ನೇ ಫೋರ್ಟ್ ಲೀಗೆ ಬಂದ, ಈಗ ಅವನೂ ಸ್ಥಳದಲ್ಲಿದ್ದಾನೆ, ಆದ್ರೂ ಮೂರು ದಿನ ತೀರ್ಮಾನ ಇಲ್ಲ. 16ಕ್ಕೆ ಹೋವ್ ದಾಳಿ ಮಾಡ್ದ, 2,800ಕ್ಕೂ ಹೆಚ್ಚು ಜನ ಸೆರೆ, ವಾಷಿಂಗ್ಟನ್ ನದಿ ಈಚೆಯಿಂದ ನೋಡ್ತಾ ನಿಂತಿದ್ದ.

ನಿಮ್ಮ ಎರಡು ಕಾಲಂ ತೆಗೀರಿ. ಬಲಗಡೆ, ಅಂದ್ರೆ ಗೊತ್ತಿಲ್ದೇ ಇದ್ದಿದ್ದು, ಇಲ್ಲಿ ತುಂಬಾ ಕಮ್ಮಿ. ಹಡಗು ದಾಟಿದ್ದು ಗೊತ್ತಿತ್ತು, ಅವನ ಸ್ವಂತ ಅನುಮಾನ ಬರವಣಿಗೇಲೇ ಇತ್ತು. ಕಾಂಗ್ರೆಸ್ಸಿಗೆ ಹಡ್ಸನ್ ಬಂದ್ ಇರ್ಬೇಕು ಅನ್ನೋ ಆಸೆ ಇತ್ತು ಅನ್ನೋದು ನಿಜ, ಗ್ರೀನ್ ಮೇಲೆ ನಂಬಿಕೆ ಇತ್ತು ಅನ್ನೋದೂ ನಿಜ, ಆದ್ರೆ ಡಿಸೆಂಬರಲ್ಲಿ ಕಡಿಮೆ ಗೊತ್ತಿದ್ದು ಸರಿಯಾಗಿ ತೀರ್ಮಾನ ಮಾಡ್ದ, ನವೆಂಬರಲ್ಲಿ ಜಾಸ್ತಿ ಗೊತ್ತಿದ್ದೂ ಮಾಡ್ಲಿಲ್ಲ. ಕ್ಯಾಲೆಂಡರ್ ನೋಡಿ, ನವೆಂಬರಲ್ಲಿ ಕೆಂಪು ಗುರುತೇ ಇಲ್ಲ. ಇವತ್ತೇ ಹೇಳ್ಬೇಕು ಅಂತ ಯಾವ ತಾರೀಖೂ ಕತ್ತು ಹಿಡಿದಿರ್ಲಿಲ್ಲ, ನಾಳೆ ನೋಡೋಣ ಅನ್ನೋಕೆ ಜಾಗ ಇತ್ತು. ಒತ್ತಡ ಜಾಸ್ತಿ ಆದಷ್ಟೂ ತಪ್ಪು ಜಾಸ್ತಿ ಅನ್ನೋ ನಮ್ಮ ಊಹೆ ಇವನ ವಿಷ್ಯದಲ್ಲಿ ಉಲ್ಟಾ ಹೊಡೆಯುತ್ತೆ. 1779ರಲ್ಲಿ ಅದೇ ರೀಡ್‌ಗೆ ಬರೆದ ಪತ್ರದಲ್ಲಿ ತನ್ನ ಮನಸ್ಸೊಳಗೇ ಯುದ್ಧ ನಡೀತಿತ್ತು, ಹಿಂಜರಿಕೆ ಇತ್ತು, ಅದರಿಂದಾನೇ ಕೋಟೆ ಹೋಯ್ತು ಅಂತ ಅವನೇ ಒಪ್ಕೋತಾನೆ. ಗ್ರೀನ್‌ನ ಮಾತ್ರ ಕೆಲ್ಸದಿಂದ ತೆಗೀಲಿಲ್ಲ, ಮುಂದೆ ದಕ್ಷಿಣದ ಇಡೀ ಸೈನ್ಯ ಅವನ ಕೈಗೆ ಕೊಟ್ಟ.

ಕಲಿತುಬಿಟ್ಟ ಅಂತಲೂ ಬರೆಯೋಕೆ ಹೋಗ್ಬೇಡಿ. ಲಾಂಗ್ ಐಲೆಂಡಲ್ಲಿ ಜಮೈಕಾ ಪಾಸ್ ಅನ್ನೋ ಪಕ್ಕದ ದಾರಿಗೆ ಸರಿಯಾದ ಕಾವಲಿಲ್ದೆ ಹೋವ್ ಸುತ್ತು ಹಾಕ್ಕೊಂಡು ಬಂದು ಹೊಡೆದಿದ್ದ, 1777ರ ಸೆಪ್ಟೆಂಬರ್ 11ಕ್ಕೆ ಬ್ರಾಂಡಿವೈನಲ್ಲಿ ಅದೇ ಹೋವ್ ಅದೇ ಥರ ಸುತ್ತು ಹಾಕಿ ಮತ್ತೆ ಹೊಡೆದ.

ಮುಂದೆ ಪ್ರಾಕ್ಟೀಸ್‌ಗೆ ಯಾವ ತಾರೀಖು

ಕೋವಿ ಸದ್ದಿಲ್ಲದ ಒತ್ತಡ ನೋಡ್ಬೇಕಂದ್ರೆ 1783ರ ಮಾರ್ಚ್ 15, ನ್ಯೂಬರ್ಗ್. ಸಂಬಳ ಬರ್ದೇ ಇದ್ದ ಆಫೀಸರುಗಳು ಕಾಂಗ್ರೆಸ್ ಮೇಲೆ ತಿರುಗಿ ಬೀಳೋ ಹಂತದಲ್ಲಿದ್ರು, ಅಲ್ಲಿ 2ನೇ ಮತ್ತೆ 6ನೇ ಹೆಜ್ಜೆ ಮಾತ್ರ ಸಾಕು. ಸ್ವಲ್ಪ ಗಟ್ಟಿ ಕಡ್ಲೆ ಬೇಕಂದ್ರೆ 1781ರ ಆಗಸ್ಟ್ 14: ಫ್ರೆಂಚ್ ಅಡ್ಮಿರಲ್ ದ ಗ್ರಾಸ್ ನ್ಯೂಯಾರ್ಕಿಗಲ್ಲ, ಚೆಸಪೀಕ್ ಕೊಲ್ಲಿಗೆ ಬರ್ತಾನೆ ಅಂತ ಸುದ್ದಿ ಮುಟ್ಟಿದ ದಿನ. ನ್ಯೂಯಾರ್ಕ್ ವಾಪಸ್ ತಗೋಬೇಕು ಅಂತ ವಾಷಿಂಗ್ಟನ್ ವರ್ಷಗಟ್ಟಲೆ ಹಠ ಹಿಡಿದಿದ್ದ, ಅದನ್ನ ಬಿಟ್ಟು ದಕ್ಷಿಣಕ್ಕೆ ವರ್ಜೀನಿಯಾ ಕಡೆ ಸೈನ್ಯ ತಿರುಗಿಸ್ದ, ಬ್ರಿಟಿಷರು ನ್ಯೂಯಾರ್ಕ್ ಮೇಲೇ ದಾಳಿ ಅಂತ ನಂಬ್ಲಿ ಅಂತ ನ್ಯೂಜೆರ್ಸೀಲಿ ಬ್ರೆಡ್ ಸುಡೋ ಒಲೆಗಳನ್ನ ಕಟ್ಟಿಸ್ದ. ಅದಕ್ಕೆ ಗೆರೆ ಎಳೆಯುವಾಗ ಎರಡು ಕಾಲಂ ಸಾಲಲ್ಲ, ಮೂರನೇದು ಹಾಕ್ಕೊಳ್ಳಿ: ಅವ್ನು ಏನು ಆಸೆಪಟ್ಟಿದ್ದ ಅಂತ. ಆಗಸ್ಟ್ 14ರ ಹಿಂದಿನ ಎರಡು ವಾರದ ಪತ್ರಗಳಿಂದ ಶುರು ಮಾಡಿ, ಆ ಕಾಲಂ ಬೇಗ ತುಂಬುತ್ತೆ.